ಜೇವರ್ಗಿಯ ಮಣ್ಣು ಓದಿದ ಟೇಲರ್ ಸಾಹೇಬರು

ಈ ಸಂಚಿಕೆಗೆ ಪ್ರಸಿದ್ಧ ವ್ಯಕ್ತಿಯೊಬ್ಬರ ಜೀವನ ಬರೆದುಕೊಡಿ ಎಂದು ಕನ್ನಡ ಉಪನ್ಯಾಸಕರು ಹೇಳಿದಾಗ, ನಮ್ಮ ತರಗತಿಯಲ್ಲಿ ಮೌಲಾನಾ ಆಜಾದ್, ಟಿಪ್ಪು ಸುಲ್ತಾನ್, ಅಬ್ದುಲ್ ಕಲಾಂ ಎಲ್ಲರೂ ಐದೇ ನಿಮಿಷದಲ್ಲಿ ಹಂಚಿಹೋದರು. ನಾನು ಫಿಲಿಪ್ ಮೆಡೋಸ್ ಟೇಲರ್ ಎಂದಾಗ ಹಿಂದಿನ ಬೆಂಚಿನವರು ನಕ್ಕರು. ಇಂಗ್ಲಿಷ್ ಅಧಿಕಾರಿಯ ಕಥೆ ನಮಗ್ಯಾಕೆ ಎಂದು ಒಬ್ಬ ಕೇಳಿಯೂ ಬಿಟ್ಟ. ಉತ್ತರ ಆಗ ಹೊಳೆಯಲಿಲ್ಲ, ಈಗ ಬರೆಯುತ್ತಿದ್ದೇನೆ.

ಟೇಲರ್ ಹೆಸರು ನನಗೆ ಮೊದಲು ಗೊತ್ತಾದದ್ದು ಸುರಪುರದಲ್ಲಿ. ಅಲ್ಲಿ ನನ್ನ ಮಾಮು ಇದ್ದಾರೆ. ಬೇಸಿಗೆ ರಜೆಗೆ ಹೋದಾಗ ಗುಡ್ಡದ ಮೇಲಿನ ಟೇಲರ್ ಮಂಜಿಲ್ ತೋರಿಸಿದರು. ಮನೆ ಚೆನ್ನಾಗಿದೆ ಅನ್ನಿಸಿತು, ಅಷ್ಟೇ. ಆದರೆ ಹೋದ ವರ್ಷ ನಮ್ಮ ದಾದಾ ತೀರಿಕೊಂಡರು. ಕಡಗಂಚಿಯಲ್ಲಿ ಅವರ ಹೆಸರಿನಲ್ಲಿದ್ದ 5 ಎಕರೆ ಹೊಲವನ್ನು ಅಬ್ಬಾ, ಚಾಚಾ ಮತ್ತು ಅಫಜಲಪುರಕ್ಕೆ ಕೊಟ್ಟ ಫೂಫಿ, ಈ ಮೂವರಿಗೆ ಹಂಚಬೇಕಾಯಿತು. ಆಗ ಮಣ್ಣಿನ ಬಗ್ಗೆ ಓದಲು ಶುರು ಮಾಡಿದೆ. ಓದುತ್ತಾ ಹೋದಂತೆ ಟೇಲರ್ ಸಾಹೇಬರು ಮತ್ತೆ ಸಿಕ್ಕರು, ಈ ಸಲ ನಮ್ಮ ಪಕ್ಕದ ಜೇವರ್ಗಿಯಲ್ಲಿ.

ಟೇಲರ್ ಹುಟ್ಟಿದ್ದು 1808ರ ಸೆಪ್ಟೆಂಬರ್ 25ರಂದು, ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ. ತಂದೆ ವ್ಯಾಪಾರಿ. ವ್ಯಾಪಾರ ಕೆಟ್ಟಿತು. ಹುಡುಗನ ಓದು ಅರ್ಧಕ್ಕೆ ನಿಂತಿತು. ಒಬ್ಬ ವರ್ತಕರ ಕಚೇರಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿಸಿದರು. ಅಂದರೆ ನಮ್ಮ ವಾಣಿಜ್ಯ ವಿಭಾಗದವರೇ ಎನ್ನಿ! 1824ರಲ್ಲಿ, ಹದಿನಾರು ತುಂಬುವ ಮೊದಲೇ, ಬೊಂಬಾಯಿಯ ಒಬ್ಬ ವರ್ತಕರ ಹತ್ತಿರ ಕೆಲಸಕ್ಕೆಂದು ಹಡಗು ಹತ್ತಿಸಿದರು. ಇಪ್ಪತ್ತೊಂದು ವರ್ಷವಾದ ಮೇಲೆ ಪಾಲುದಾರನನ್ನಾಗಿ ಮಾಡಿಕೊಳ್ಳುವ ಮಾತಾಗಿತ್ತು. ಬಂದು ಇಳಿದು ನೋಡಿದರೆ ಆ ವರ್ತಕರೇ ಸಾಲದಲ್ಲಿದ್ದರು. ನಮ್ಮ ಅಕೌಂಟೆನ್ಸಿ ಪುಸ್ತಕದಲ್ಲಿ ಹೊಸ ಪಾಲುದಾರನ ಪ್ರವೇಶ ಎಂಬ ಅಧ್ಯಾಯವಿದೆಯಲ್ಲ, ಅದರಲ್ಲಿ ಇಂಥ ಲೆಕ್ಕ ಯಾವತ್ತೂ ಬರುವುದಿಲ್ಲ. ಬೊಂಬಾಯಿ ಸರ್ಕಾರದಲ್ಲಿದ್ದ ಸಂಬಂಧಿಕರೊಬ್ಬರು ಕನಿಕರಪಟ್ಟು ಹುಡುಗನಿಗೆ ಹೈದರಾಬಾದ್ ನಿಜಾಮರ ಸೈನ್ಯದಲ್ಲಿ ಒಂದು ಹುದ್ದೆ ಕೊಡಿಸಿದರು. ಅದೇ ವರ್ಷದ ಕೊನೆಗೆ ಔರಂಗಾಬಾದ್ ಸೇರಿದರು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಟೇಲರ್ ಈಸ್ಟ್ ಇಂಡಿಯಾ ಕಂಪನಿಯ ನೌಕರರಲ್ಲ, ನಿಜಾಮರ ನೌಕರರು. ಕಂಪನಿಯ ಸಾಹೇಬರಿಗೆ ಸಿಗುತ್ತಿದ್ದ ಮರ್ಯಾದೆ, ಬಡ್ತಿ ಇವರಿಗಿರಲಿಲ್ಲ. ಕಾಲೇಜು ಮೆಟ್ಟಿಲು ಹತ್ತಿದವರೂ ಅಲ್ಲ. ಹಾಗಾಗಿ ಎಲ್ಲವನ್ನೂ ತಾವೇ ಕಲಿಯಬೇಕಾಯಿತು. ಮೊದಲು ಹಿಂದೂಸ್ತಾನಿ ಕಲಿತರು, ಆಮೇಲೆ ಫಾರಸಿ, ಮರಾಠಿ. ಕಾನೂನು, ಜಮೀನು ಅಳತೆ, ಎಂಜಿನಿಯರಿಂಗ್, ಸಸ್ಯ ಮತ್ತು ಕಲ್ಲುಗಳ ಶಾಸ್ತ್ರ, ಇವನ್ನೆಲ್ಲ ಕೆಲಸ ಮಾಡುತ್ತಲೇ ಕಲಿತರು. ಚಿತ್ರ ಬರೆಯುವುದೂ ಬರುತ್ತಿತ್ತು. ಅದು ಮುಂದೆ ಜೇವರ್ಗಿಯಲ್ಲಿ ಉಪಯೋಗಕ್ಕೆ ಬಂತು.

ಇಪ್ಪತ್ತು ತುಂಬುವ ಮೊದಲೇ ನಿಜಾಮರ ರಾಜ್ಯದ ನೈಋತ್ಯ ಭಾಗಕ್ಕೆ, ಅಂದರೆ ತುಳಜಾಪುರ ಮುಂತಾದ ನಮ್ಮ ಕಡೆಯ ಸೀಮೆಗೆ, ಪೊಲೀಸ್ ಅಧಿಕಾರಿಯಾಗಿ ಬಂದರು. ಆ ಕಾಲದ ಒಂದು ಪ್ರಸಂಗ ನಮ್ಮ ವಿಭಾಗದವರಿಗೆ ಇಷ್ಟವಾಗುತ್ತದೆ. ಅಂಗಡಿಕಾರರು ತೂಕದಲ್ಲಿ ಮೋಸ ಮಾಡುತ್ತಾರೆ, ಹಿಟ್ಟಿಗೆ ಮರಳು ಬೆರೆಸುತ್ತಾರೆ ಎಂದು ದೂರು ಬಂತು. ಟೇಲರ್ ದಂಡ ಹಾಕಲಿಲ್ಲ. ಆ ಅಂಗಡಿಕಾರರನ್ನೇ ಕೂರಿಸಿ ಅವರ ಹಿಟ್ಟನ್ನು ಅವರಿಗೇ ತಿನ್ನಿಸಿದರು. ಸುದ್ದಿ ಊರೂರಿಗೆ ಹಬ್ಬಿತು.

ಅವರ ಮದುವೆ ಹೈದರಾಬಾದಿನ ದೊಡ್ಡ ಸಾಹುಕಾರ ವಿಲಿಯಂ ಪಾಮರ್ ಅವರ ಮಗಳು ಮೇರಿಯ ಜೊತೆ ಆಯಿತು. ಪಾಮರ್ ಅವರ ತಾಯಿ ಫೈಜ್ ಬಕ್ಷ್ ಬೇಗಂ ಎಂಬ ಹಿಂದೂಸ್ತಾನದ ಮುಸ್ಲಿಂ ಮಹಿಳೆ. ಪಾಮರ್ ಕಂಪನಿ ನಿಜಾಮರಿಗೇ ಸಾಲ ಕೊಡುವಷ್ಟು ಬೆಳೆದು ಆಮೇಲೆ ಮುಳುಗಿಹೋಯಿತು. ಹೀಗೆ ಟೇಲರ್ ಅವರ ತಂದೆ, ಅವರ ಮೊದಲ ಯಜಮಾನರು, ಅವರ ಮಾವ, ಮೂವರ ವ್ಯಾಪಾರವೂ ಮುಳುಗಿತು. ಈ ಮನುಷ್ಯ ಲೆಕ್ಕದ ವಿಷಯದಲ್ಲಿ ಅಷ್ಟು ಬಿಗಿಯಾಗಿದ್ದದ್ದು ಇದರಿಂದಲೇ ಇರಬೇಕು ಎಂದು ನನ್ನ ಊಹೆ. 1839ರಲ್ಲಿ ಠಗ್ಗರ ಬಗ್ಗೆ ಬರೆದ ಕಾದಂಬರಿ ಲಂಡನ್‌ನಲ್ಲಿ ಪ್ರಕಟವಾಗಿ ಹೆಸರು ತಂದಿತು. ಮರುವರ್ಷ ಟಿಪ್ಪು ಸುಲ್ತಾನರ ಕಾಲದ ಕಾದಂಬರಿಯೂ ಬಂತು. ನಮಗೆ ಬೇಕಾದ ಟೇಲರ್ ಮಾತ್ರ ಅದರ ನಂತರ ಶುರುವಾಗುತ್ತಾರೆ.

1841ರ ಹೊತ್ತಿಗೆ ಸುರಪುರದ ಬೇಡ ನಾಯಕರ ಸಂಸ್ಥಾನ ಕಷ್ಟದಲ್ಲಿತ್ತು. ರಾಜ ವೆಂಕಟಪ್ಪ ನಾಯಕ ಇನ್ನೂ ಚಿಕ್ಕ ಹುಡುಗ. ತಾಯಿ ರಾಣಿ ಈಶ್ವರಮ್ಮ ಆಡಳಿತ ನೋಡುತ್ತಿದ್ದರು. ಸಂಸ್ಥಾನದ ಮೇಲೆ ಸಾಲದ ಹೊರೆ. ಅಲ್ಲಿಗೆ ಟೇಲರ್ ಅವರನ್ನು ಕಳಿಸಿದರು. ಜೊತೆಗೆ ಬೇರೆ ಇಂಗ್ಲಿಷ್ ಅಧಿಕಾರಿ ಇಲ್ಲ, ದೊಡ್ಡ ಸೈನ್ಯವೂ ಇಲ್ಲ. 1853ರವರೆಗೆ ಅಲ್ಲೇ ಇದ್ದು ಲೆಕ್ಕಪತ್ರ ಸರಿ ಮಾಡಿದರು, ರಸ್ತೆ ಹಾಕಿಸಿದರು, ಕೆರೆಗಳನ್ನು ಕಟ್ಟಿಸಿದರು. ಇಂದು ಪಕ್ಷಿಧಾಮವಾಗಿರುವ ಬೋನಾಳ ಕೆರೆಯನ್ನು ದೊಡ್ಡದು ಮಾಡಿಸಿದವರು ಇವರೇ. ಜನ ಇವರನ್ನು ಮಹಾದೇವ ಬಾಬಾ ಎಂದು ಕರೆದರು. ಹುಡುಗ ರಾಜನಂತೂ ಅಪ್ಪಾ ಎನ್ನುವಷ್ಟು ಹಚ್ಚಿಕೊಂಡಿದ್ದ.

ಕೆರೆ ಕಟ್ಟುವವನಿಗೆ, ಕಂದಾಯ ಕಟ್ಟಿಸುವವನಿಗೆ ಮಣ್ಣು ಗೊತ್ತಿರಬೇಕು. ಊರೂರು ಕುದುರೆಯ ಮೇಲೆ ಸುತ್ತುತ್ತಾ ಟೇಲರ್ ಹೊಲಗಳ ನಡುವೆ ಕಲ್ಲಿನ ಸುತ್ತುಗಳನ್ನು, ದೊಡ್ಡ ಚಪ್ಪಡಿಗಳಿಂದ ಕಟ್ಟಿದ ಪುಟ್ಟ ಕೋಣೆಗಳನ್ನು ಕಂಡರು. ನಮ್ಮ ಭಾಗದ ಹಿರಿಯರು ಅವನ್ನು ಮೋರ್ಯರ ಮನೆ ಎನ್ನುತ್ತಾರೆ. ಸುರಪುರ ಸೀಮೆಯ ರಾಜನಕೋಳೂರಿನಲ್ಲಿ ಅಂಥವು ಇಂದಿಗೂ ಇವೆ. ಭೀಮಾ ನದಿಯ ಒಂದು ದಡದಲ್ಲಿ ಸುಲ್ತಾನ್ ಫಿರೋಜ್ ಶಾ ಬಹಮನಿ ಕಟ್ಟಿಸಿದ ಫಿರೋಜಾಬಾದ್. ಆಚೆ ದಡದ ಸೀಮೆಯಲ್ಲಿ ಜೇವರ್ಗಿ. ಅಲ್ಲಿಯ ಕಲ್ಲಿನ ಸುತ್ತುಗಳನ್ನು ಟೇಲರ್ ಅಗೆಸಿದರು. 1851ರ ಸುಮಾರಿಗೆ ಅದರ ವರದಿ ಬೊಂಬಾಯಿಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು.

ಆ ಕಾಲದಲ್ಲಿ ಗೋರಿ ಅಗೆಯುವುದು ಎಂದರೆ ಮೇಲಿನಿಂದ ಗುಂಡಿ ತೋಡಿ, ಮಡಕೆ, ಕತ್ತಿ, ಮಣಿ ಸಿಕ್ಕರೆ ಎತ್ತಿಕೊಂಡು ಹೋಗುವುದು. ಟೇಲರ್ ಹಾಗೆ ಮಾಡಲಿಲ್ಲ. ಗೋರಿಯನ್ನು ಕೇಕ್ ಕತ್ತರಿಸಿದ ಹಾಗೆ ನಡುವೆ ಸೀಳಿದರೆ ಹೇಗೆ ಕಾಣುತ್ತದೋ ಹಾಗೆ ಚಿತ್ರ ಬರೆದರು. ಮೇಲೆ ಸಡಿಲ ಕಲ್ಲಿನ ರಾಶಿ, ಅದರ ಕೆಳಗೆ ಮಣ್ಣು, ಅದರೊಳಗೆ ಚಪ್ಪಡಿ, ಚಪ್ಪಡಿಯ ಕೋಣೆ, ಕೋಣೆಯೊಳಗೆ ಮೂಳೆ ಮತ್ತು ಮಡಕೆ. ಯಾವುದು ಯಾವುದರ ಮೇಲಿದೆ, ಎಷ್ಟು ಆಳದಲ್ಲಿದೆ ಎಂಬುದೆಲ್ಲ ಆ ಚಿತ್ರದಲ್ಲಿದೆ. ಸುಮಾರು 100 ವರ್ಷಗಳ ನಂತರ ಭಾರತದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ, ನಮ್ಮ ಬ್ರಹ್ಮಗಿರಿಯಲ್ಲಿ ಉತ್ಖನನ ಮಾಡಿದ ಮಾರ್ಟಿಮರ್ ವೀಲರ್ ಈ ಚಿತ್ರಗಳನ್ನು ಮೆಚ್ಚಿಕೊಂಡರು. ಅಷ್ಟು ಹಿಂದೆಯೇ ಭಾರತದಲ್ಲಿ ಒಬ್ಬರು ಪದರಗಳನ್ನು ಬಿಡಿಸಿ ನೋಡಿದ್ದರಲ್ಲ ಎಂಬುದು ಅವರ ಅಚ್ಚರಿ. ಜೇವರ್ಗಿಗೆ ಹೋಗುವ ಬಸ್ಸಿನಲ್ಲಿ ದಿನಾ ಬರುವ ನಮ್ಮ ಕಾಲೇಜಿನ ಗೆಳೆಯರಿಗೆ ಇದು ಗೊತ್ತಿರಲಿಲ್ಲ.

ಟೇಲರ್ ತಪ್ಪೂ ಮಾಡಿದರು. ಈ ಗೋರಿಗಳು ಯೂರೋಪಿನ ಹಳೆಯ ಗೋರಿಗಳ ಹಾಗೆಯೇ ಇವೆ, ಆದ್ದರಿಂದ ಅಲ್ಲಿಯ ಜನರ ಸಂಬಂಧಿಕರೇ ಇಲ್ಲಿ ಬಂದು ನೆಲೆಸಿರಬೇಕು ಎಂದು ಬರೆದರು. ಈಗಿನ ವಿದ್ವಾಂಸರು ಅದನ್ನು ಒಪ್ಪುವುದಿಲ್ಲ. ಇವು ಕಬ್ಬಿಣ ಬಳಸುತ್ತಿದ್ದ ಇಲ್ಲಿಯ ಪ್ರಾಚೀನ ಜನರ ಸಮಾಧಿಗಳು. ಅರ್ಥ ತಪ್ಪಿದ್ದರೂ ಅಳತೆ ಮತ್ತು ಚಿತ್ರ ಸರಿಯಾಗಿದ್ದದ್ದರಿಂದ ಆ ವರದಿಯನ್ನು ಇಂದಿಗೂ ಓದುತ್ತಾರೆ.

ಎರಿ ಮಣ್ಣಿನಲ್ಲಿ ಪದರ ಗುರುತಿಸುವುದು ಸುಲಭವಲ್ಲ. ಬೇಸಿಗೆಯಲ್ಲಿ ನಮ್ಮ ಹೊಲ ಹೇಗೆ ಬಿರಿಯುತ್ತದೆ ಎಂದು ನೋಡಿದವರಿಗೆ ಗೊತ್ತು, ಕೈ ಇಳಿಯುವಷ್ಟು ಬಿರುಕು. ಮೇಲಿನ ಪುಡಿ ಮಣ್ಣು ಆ ಬಿರುಕಿನೊಳಗೆ ಬೀಳುತ್ತದೆ. ಮಳೆ ಬಂದಾಗ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಹೀಗೆ ವರ್ಷ ವರ್ಷವೂ ಮೇಲಿನದು ಕೆಳಗೆ, ಕೆಳಗಿನದು ಮೇಲೆ. ಅದಕ್ಕೇ ಕಪ್ಪು ಮಣ್ಣನ್ನು ತನ್ನನ್ನು ತಾನೇ ಉಳುವ ಮಣ್ಣು ಎನ್ನುತ್ತಾರೆ.

1853ರಲ್ಲಿ ನಿಜಾಮರು ಸಾಲದ ಬಾಬ್ತು ಬೇರಾರ್, ರಾಯಚೂರು ದೋಆಬ್ ಮತ್ತು ಪಶ್ಚಿಮದ ಕೆಲವು ಜಿಲ್ಲೆಗಳನ್ನು ಇಂಗ್ಲಿಷರ ವಶಕ್ಕೆ ಕೊಟ್ಟರು. ಅದೇ ವರ್ಷ ಸುರಪುರದ ರಾಜ ಪ್ರಾಪ್ತ ವಯಸ್ಸಿಗೆ ಬಂದ. ಟೇಲರ್ ಸಂಸ್ಥಾನವನ್ನು ರಾಜನಿಗೆ ಒಪ್ಪಿಸಿ ಆ ಪಶ್ಚಿಮ ಜಿಲ್ಲೆಗಳಿಗೆ ಹೋದರು. ಅವರ ಮುಖ್ಯ ಠಾಣೆ ನಳದುರ್ಗ, ಅಂದರೆ ನಮ್ಮ ಆಳಂದದಿಂದ ಗಡಿ ದಾಟಿದರೆ ಸಿಗುವ ಕೋಟೆ. ಅಲ್ಲಿ ಜಮೀನು ಅಳತೆ ಶುರು ಮಾಡಿದರು, ಅದಕ್ಕೆ ಸ್ಥಳೀಯ ಯುವಕರನ್ನೇ ತಯಾರು ಮಾಡಿದರು.

ಆ ಹೊತ್ತಿಗೆ ಪಕ್ಕದ ಸೊಲ್ಲಾಪುರ, ಪುಣೆ, ಧಾರವಾಡದ ಕಡೆ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಇಬ್ಬರು ಮಾಡಿದ ಮಣ್ಣಿನ ದರ್ಜೆಯ ಪದ್ಧತಿ ನಡೆಯುತ್ತಿತ್ತು. ಸಾಲಾರ್ ಜಂಗ್ ಅವರ ಕಾಲದಲ್ಲಿ ಇದೇ ಮಾದರಿ ನಿಜಾಮರ ಜಿಲ್ಲೆಗಳಿಗೂ ಬಂತು. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನನಗೆ ಬೇಕಾಗಿದ್ದದ್ದು ಇದೇ.

ಮೊದಲು ಹೊಲವನ್ನು ಭಾಗಗಳಾಗಿ ಗುರುತು ಮಾಡಿಕೊಳ್ಳುತ್ತಾರೆ. ಪ್ರತಿ ಭಾಗದಲ್ಲೂ ಹಾರೆಯಿಂದ ಅಗೆದು ಎರಡು ವಿಷಯ ನೋಡುತ್ತಾರೆ: ಮಣ್ಣು ಯಾವ ಜಾತಿ, ಎಷ್ಟು ಆಳ. ಜಾತಿ ಮೂರು. ನುಣುಪಾದ ಕಪ್ಪು ಅಥವಾ ಕಡುಗಂದು ಮಣ್ಣು ಮೊದಲನೆಯದು. ಅದಕ್ಕಿಂತ ಒರಟಾದ, ಸಾಮಾನ್ಯವಾಗಿ ಕೆಂಪಗಿರುವ ಮಣ್ಣು ಎರಡನೆಯದು. ಗರಸು ಬೆರೆತ, ಸಡಿಲವಾದ, ಬೂದು ಬಣ್ಣದ್ದು ಮೂರನೆಯದು. ಆಳವನ್ನು ಮೊಳದಲ್ಲಿ ಅಳೆಯುತ್ತಾರೆ. ಮೊದಲ ಜಾತಿಯ ಮಣ್ಣು ಒಂದೂಮುಕ್ಕಾಲು ಮೊಳ ಆಳವಿದ್ದರೆ 16 ಆಣೆ, ಅಂದರೆ ಪೂರ್ತಿ ರೂಪಾಯಿ. ಕಾಲು ಮೊಳ ಕಡಿಮೆಯಾದರೆ 14 ಆಣೆ, ಮತ್ತೆ ಕಾಲು ಮೊಳ ಕಡಿಮೆಯಾದರೆ 12, ಹೀಗೆ ಇಳಿಯುತ್ತಾ ಒಂಬತ್ತನೇ ದರ್ಜೆಗೆ 2 ಆಣೆ. ಮಣ್ಣಿನಲ್ಲಿ ಸುಣ್ಣದ ಹರಳು, ಮರಳು, ಇಳಿಜಾರು, ನೀರು ನಿಲ್ಲುವುದು, ಇಂಥ ಏಳು ದೋಷಗಳಿವೆ. ಒಂದು ದೋಷಕ್ಕೆ ಒಂದು ದರ್ಜೆ ಕೆಳಗೆ. ಬಣ್ಣ ಒಂದನ್ನೇ ನೋಡಿದರೆ ಮೋಸ ಹೋಗುತ್ತೇವೆ. ಕಪ್ಪಗಿದ್ದರೂ ಅರ್ಧ ಮೊಳಕ್ಕೇ ಗರಸು ಬಂದರೆ ಮಳೆಗಾಲದ ನೀರು ನಿಲ್ಲುವ ಜಾಗವೇ ಇಲ್ಲ, ಹಿಂಗಾರಿ ಜೋಳ ತೆನೆ ಬಿಡುವ ಹೊತ್ತಿಗೆ ಬಾಡುತ್ತದೆ.

ನನ್ನ ಮನೆಮಾತು ಉರ್ದು. ದಾದಾ ಅವರ ಪೆಟ್ಟಿಗೆಯಲ್ಲಿದ್ದ ನಿಜಾಮರ ಕಾಲದ ಕಾಗದವನ್ನು ನಾನೇ ಓದಿದೆ. ಅದರಲ್ಲಿ ಈ ಹೊಲದ ಮುಂದೆ ಖುಷ್ಕಿ ಎಂದು ಮಾತ್ರ ಇದೆ. ಖುಷ್ಕಿ ಎಂದರೆ ಮಳೆ ನೀರಿನ ಜಮೀನು, ತರಿ ಎಂದರೆ ನೀರಾವರಿ ಗದ್ದೆ, ಬಾಗಾಯತ್ ಎಂದರೆ ತೋಟ. ಇವತ್ತಿನ ಪಹಣಿಯಲ್ಲೂ ಉರ್ದುವಿನಿಂದ ಬಂದ ಪದಗಳೇ ತುಂಬಿವೆ. ಖರಾಬ್, ಹಿಸ್ಸಾ ಎಲ್ಲ ನಮ್ಮ ಮನೆಯಲ್ಲಿ ದಿನಾ ಕೇಳುವ ಮಾತುಗಳು. ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ. ಅಂಥ 40 ಗುಂಟೆಗೆ ಒಂದು ಎಕರೆ. ಗುಂಟೆಗೆ ಮತ್ತೆ 16 ಆಣೆ.

ನಮ್ಮಲ್ಲಿ ಮಗನಿಗೆ ಎರಡು ಪಾಲು, ಮಗಳಿಗೆ ಒಂದು. 5 ಎಕರೆಯಲ್ಲಿ ಅಬ್ಬಾಗೆ 2, ಚಾಚಾಗೆ 2, ಫೂಫಿಗೆ 1. ಹಿರಿಯರು ಕೂತು ಮಾತಾಡಿ, ಹಳ್ಳದ ಕಡೆಯ 2 ಎಕರೆ ಚಾಚಾಗೆ, ನಡುವಿನದು ಅಬ್ಬಾಗೆ, ಮೇಲಿನ ದಿಬ್ಬದ 1 ಎಕರೆ ಫೂಫಿಗೆ ಎಂದು ತೀರ್ಮಾನಿಸಿದರು. ಫೂಫಿ ಬೇಡ ಎನ್ನಲಿಲ್ಲ. ಅವರು ಯಾವತ್ತೂ ಯಾವುದಕ್ಕೂ ಬೇಡ ಎಂದವರಲ್ಲ. ಎಕರೆಯ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿತ್ತು.

ಒಂದು ಭಾನುವಾರ ಹಾರೆ ತೆಗೆದುಕೊಂಡು ನಾನು ಮೂರು ಗುಂಡಿ ತೋಡಿದೆ. ಹಳ್ಳದ ಕಡೆ ಎರಡು ಮೊಳ ಇಳಿದರೂ ಕಪ್ಪು ಮಣ್ಣೇ. ಒದ್ದೆ ಮಾಡಿ ಬೆರಳ ನಡುವೆ ಒತ್ತಿದರೆ ಪಟ್ಟಿಯ ಹಾಗೆ ಉದ್ದಕ್ಕೆ ಬರುತ್ತದೆ, ಮುರಿಯುವುದಿಲ್ಲ. ಅದು 16 ಆಣೆ. ನಡುವೆ ಒಂದೂಕಾಲು ಮೊಳ ಕಪ್ಪು ಮಣ್ಣು, 12 ಆಣೆ ಆಗಬೇಕು. ಆದರೆ ಬಿಳಿ ಹರಳು ತುಂಬ ಇವೆ. ನಿಂಬೆಹಣ್ಣು ಹಿಂಡಿದರೆ ಸಣ್ಣಗೆ ನೊರೆ ಬಂತು, ಅದು ಸುಣ್ಣ. ಒಂದು ದರ್ಜೆ ಇಳಿಸಿ 10 ಆಣೆ. ದಿಬ್ಬದ ಮೇಲೆ ಗರಸು ಬೆರೆತ ಬೂದು ಮಣ್ಣು, ಮುಕ್ಕಾಲು ಮೊಳಕ್ಕೆ ಹಾರೆ ಕಲ್ಲಿಗೆ ತಾಗಿತು. ಒತ್ತಿದರೆ ಪಟ್ಟಿ ಬರುವುದೇ ಇಲ್ಲ, ಪುಡಿಯಾಗುತ್ತದೆ. ಮೂರನೇ ಜಾತಿ, ಏಳನೇ ದರ್ಜೆ, ನಾಲ್ಕೂವರೆ ಆಣೆ.

ರಾತ್ರಿ ಲೆಕ್ಕ ಹಾಕಿದೆ. ಹಳ್ಳದ ಕಡೆ 2 ಎಕರೆಗೆ 32, ನಡುವಿನ 2 ಎಕರೆಗೆ 20, ದಿಬ್ಬಕ್ಕೆ ನಾಲ್ಕೂವರೆ. ಒಟ್ಟು ಐವತ್ತಾರೂವರೆ ಆಣೆ. ಅದರ ಐದನೇ ಒಂದು ಪಾಲು 11 ಆಣೆ ದಾಟುತ್ತದೆ. ಫೂಫಿಗೆ ಬರುತ್ತಿರುವುದು ಅದರ ಅರ್ಧಕ್ಕಿಂತಲೂ ಕಡಿಮೆ. ಅದೇ 11 ಆಣೆಯ ಪಾಲನ್ನು ಹಳ್ಳದ ಕಡೆ ಕೊಟ್ಟರೆ 28 ಗುಂಟೆ ಸಾಕು. ನಮ್ಮ ಅಬ್ಬಾಗೂ ಬರಬೇಕಾದದ್ದಕ್ಕಿಂತ ಎರಡು ಮೂರು ಆಣೆ ಕಡಿಮೆಯೇ ಬರುತ್ತಿದೆ ಎಂಬುದೂ ಅದೇ ಲೆಕ್ಕದಲ್ಲಿ ಕಂಡಿತು. ಅದಕ್ಕೇ ತೋರಿಸಲು ನನಗೆ ಸಂಕೋಚವಾಯಿತು. ಹುಡುಗ ತನ್ನ ಅಪ್ಪನಿಗಾಗಿ ಲೆಕ್ಕ ಮಾಡಿದ್ದಾನೆ ಎಂದು ಚಾಚಾ ಅಂದುಕೊಳ್ಳಬಹುದಲ್ಲ.

ಟೇಲರ್ ಅವರ ಕಥೆ ಮುಗಿಸುತ್ತೇನೆ. 1857ರ ದಂಗೆಯ ಸಮಯದಲ್ಲಿ ಅವರನ್ನು ಬೇರಾರ್‌ಗೆ ವರ್ಗ ಮಾಡಿದರು. ಸೈನ್ಯವಿಲ್ಲದೆ ಅಲ್ಲಿ ಶಾಂತಿ ಕಾಪಾಡಿದರು. ಅದೇ ಹೊತ್ತಿಗೆ ಇತ್ತ ಸುರಪುರದಲ್ಲಿ, ಅವರು ಎತ್ತಿ ಆಡಿಸಿದ ಹುಡುಗ ವೆಂಕಟಪ್ಪ ನಾಯಕ 1858ರಲ್ಲಿ ಇಂಗ್ಲಿಷರ ವಿರುದ್ಧ ಎದ್ದ. ಸೋತು ಹೈದರಾಬಾದಿಗೆ ಹೋದಾಗ ಸಿಕ್ಕಿಬಿದ್ದ. ಟೇಲರ್ ಸೆರೆಮನೆಯಲ್ಲಿ ಅವನನ್ನು ಕಂಡು, ಪ್ರಾಣ ಉಳಿಸಲು ಓಡಾಡಿದರು. ಮರಣದಂಡನೆ ಕಡಿಮೆಯಾಗಿ ನಾಲ್ಕು ವರ್ಷದ ಸೆರೆಯಾಯಿತು. ಆದರೆ ಮದ್ರಾಸಿನ ಕಡೆಗೆ ಕರೆದೊಯ್ಯುವ ದಾರಿಯಲ್ಲಿ ಗುಂಡು ತಗುಲಿ ರಾಜ ಸತ್ತ. ತಾನೇ ಹೊಡೆದುಕೊಂಡ ಎಂದು ಸರ್ಕಾರದ ದಾಖಲೆ. ನಮ್ಮ ಸೀಮೆಯ ಜನ ಅವನನ್ನು ಸ್ವಾತಂತ್ರ್ಯಕ್ಕಾಗಿ ಸತ್ತ ವೀರ ಎಂದು ನೆನೆಯುತ್ತಾರೆ, ಅದು ಸರಿಯೇ. ಸುರಪುರದ ಆಡಳಿತಕ್ಕೆ ಮತ್ತೆ ಬಂದ ಟೇಲರ್ ಕುರ್ಚಿಯಲ್ಲಿ ಕೂತದ್ದು ಯಾರ ಪರವಾಗಿ ಎಂದು ಕೇಳಿದರೆ ಉತ್ತರ ಕಹಿಯಾಗಿದೆ. ಒಳ್ಳೆಯ ಮನುಷ್ಯರೇ, ಆದರೆ ಕೊನೆಗೆ ಸರ್ಕಾರದ ಮನುಷ್ಯರು. ಹಿಂದಿನ ಬೆಂಚಿನ ಗೆಳೆಯನಿಗೆ ಇಷ್ಟು ಒಪ್ಪಿಕೊಳ್ಳುತ್ತೇನೆ.

1860ರಲ್ಲಿ ಸುರಪುರ ನಿಜಾಮರಿಗೆ ಹೋಯಿತು, ನಳದುರ್ಗದ ಜಿಲ್ಲೆಯೂ ವಾಪಸ್ಸಾಯಿತು. ಅದೇ ವರ್ಷ ಟೇಲರ್ ಆರೋಗ್ಯ ಕೆಟ್ಟು ಊರಿಗೆ ಮರಳಿದರು. ಅಲ್ಲಿ ತಾರಾ, ಸೀತಾ ಮುಂತಾದ ಕಾದಂಬರಿ ಬರೆದರು. ಚಾಂದ್ ಬೀಬಿಯ ಬಗ್ಗೆ ಬರೆದದ್ದು ಅವರು ಸತ್ತ ಮೇಲೆ ಪ್ರಕಟವಾಯಿತು. ಅಷ್ಟು ಸೂಕ್ಷ್ಮವಾಗಿ ನೋಡಿದ ಕಣ್ಣುಗಳು ಕೊನೆಗೆ ಮಬ್ಬಾದವು. 1875ರಲ್ಲಿ ಇನ್ನೊಮ್ಮೆ ಹಿಂದೂಸ್ತಾನಕ್ಕೆ ಬಂದು ಹೋದರು. 1876ರ ಮೇ 13ರಂದು ಫ್ರಾನ್ಸಿನ ಮೆಂತೋನ್‌ನಲ್ಲಿ ತೀರಿಕೊಂಡರು. ಅವರ ಆತ್ಮಕಥೆಯನ್ನು ಮಗಳು ಆಲಿಸ್ ಮರುವರ್ಷ ಹೊರತಂದರು.

ಲೆಕ್ಕದ ಹಾಳೆಯನ್ನು ನಾನು ಮೊದಲು ಅಮ್ಮಿಗೆ ತೋರಿಸಿದೆ, ಅಮ್ಮಿ ಅಬ್ಬಾಗೆ ಹೇಳಿದರು. ಅಬ್ಬಾ ಎರಡು ದಿನ ಏನೂ ಮಾತಾಡಲಿಲ್ಲ. ಮೂರನೇ ದಿನ ಚಾಚಾ ಅವರನ್ನು ಕರೆದುಕೊಂಡು ಹೊಲಕ್ಕೆ ಹೋದರು. ನಾನೂ ಹಿಂದೆ ಹೋದೆ. ಚಾಚಾ ದಿಬ್ಬದ ಗುಂಡಿಯಲ್ಲಿ ಕೈ ಇಟ್ಟು ನೋಡಿದರು, ಮೊಣಕೈಯೂ ಮುಳುಗಲಿಲ್ಲ. ಹಳ್ಳದ ಕಡೆಯ ಗುಂಡಿಗೆ ಇಳಿದು ನಿಂತರು, ತುಂಬ ಹೊತ್ತು. ಇನ್ನೂ ತೀರ್ಮಾನವಾಗಿಲ್ಲ. ಸರ್ವೆಯರ್ ಅವರನ್ನು ಕರೆಸುವ ಮುಂಚೆ ಫೂಫಿ ಬಂದು ನೋಡಲಿ ಎಂದು ಚಾಚಾ ಅವರೇ ಹೇಳಿದ್ದಾರೆ. ಅವರು ಮುಂದಿನ ವಾರ ಅಫಜಲಪುರದಿಂದ ಬರುತ್ತಾರೆ. ಅಲ್ಲಿಯವರೆಗೆ ಮೂರು ಗುಂಡಿಗಳನ್ನೂ ಮುಚ್ಚಬೇಡ ಎಂದು ಅಬ್ಬಾ ನನಗೆ ಹೇಳಿದ್ದಾರೆ. ದನ ಬೀಳದ ಹಾಗೆ ಸುತ್ತಲೂ ಜಾಲಿ ಮುಳ್ಳು ಹಾಕಿ ಬಂದಿದ್ದೇನೆ.